ಚಿತ್ರ ‘ತೆಗೆ’ ಅಂದರೆ ಹಿಡಿಯುವುದೋ, ಅಳಿಸುವುದೋ?

ಎಲ್ಲರಿಗೂ ನಮಸ್ಕಾರ. ಒಂದು ಕ್ರಿಯಾಪದದ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಶಿರಸಿಯ ನಮ್ಮ ಮನೆ ತಾರಸಿಯ ಮೇಲೆ ರಾತ್ರಿಯಿಡೀ ಆಕಾಶ ನೋಡುವ ಕ್ಯಾಮೆರಾ ಇಟ್ಟಿದ್ದೇವೆ. ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್, ಇಡೀ ಆಕಾಶವನ್ನು ಒಂದೇ ಚಿತ್ರದಲ್ಲಿ ಕಾಣಿಸುವ ಫಿಶ್‌ಐ ಲೆನ್ಸ್, ಮೇಲೆ ಮುಚ್ಚಲು ಪಾರದರ್ಶಕ ಗುಮ್ಮಟ. ನಡೆಸುವುದು ಆಲ್‌ಸ್ಕೈ ಎಂಬ ಉಚಿತ ತಂತ್ರಾಂಶ. ಅದನ್ನು ಬಳಸುವ ಬಗೆಯನ್ನು ಹೈಸ್ಕೂಲ್ ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತೊಡಕಾದದ್ದು ಡಾರ್ಕ್ ಫ್ರೇಮ್ ಹತ್ತಿರ.

ಲೆನ್ಸಿಗೆ ಮುಚ್ಚಳ ಹಾಕಿ ಹಿಡಿದ ಚಿತ್ರವೇ ಡಾರ್ಕ್ ಫ್ರೇಮ್. ಬೆಳಕೇ ಬೀಳದಿದ್ದರೂ ಅದರಲ್ಲಿ ಕೆಂಪು, ನೀಲಿ, ಬಿಳಿ ಚುಕ್ಕಿಗಳಿರುತ್ತವೆ. ಅವು ಕ್ಯಾಮೆರಾದೊಳಗೆ ಬೆಳಕು ಗ್ರಹಿಸುವ ಸೆನ್ಸರ್‌ನ ಬಿಸಿಗೆ ಹುಟ್ಟಿದ್ದು, ಹಾಟ್ ಪಿಕ್ಸೆಲ್ ಅನ್ನುತ್ತಾರೆ. ಆಕಾಶದ ಚಿತ್ರದಲ್ಲೂ ಅದೇ ಜಾಗದಲ್ಲಿ ಕೂತು ನಕ್ಷತ್ರದ ಹಾಗೆ ಕಾಣುತ್ತವೆ. ಆಕಾಶದ ಚಿತ್ರದಿಂದ ಡಾರ್ಕ್ ಫ್ರೇಮ್ ಕಳೆದರೆ ಸುಳ್ಳು ಚುಕ್ಕಿ ಹೋಗಿ ನಿಜದ ನಕ್ಷತ್ರ ಉಳಿಯುತ್ತವೆ. ಎರಡಕ್ಕೂ ಎಕ್ಸ್‌ಪೋಶರ್ ಸಮಯ (ಒಂದು ಚಿತ್ರ ಹಿಡಿಯಲು ಬಿಡುವ ಹೊತ್ತು), ಸೆನ್ಸರ್ ಉಷ್ಣಾಂಶ ಒಂದೇ ಇರಬೇಕು. ಡಿಸೆಂಬರ್ ಚಳಿಯಲ್ಲಿ ಹಿಡಿದದ್ದು ಏಪ್ರಿಲ್ ಸೆಕೆಗೆ ಹೊಂದುವುದಿಲ್ಲ.

ನಾನು ಮೊದಲು ‘ಕತ್ತಲ ಚಿತ್ರ ತೆಗೆಯಿರಿ’ ಅಂತ ಬರೆದಿದ್ದೆ. ಒಬ್ಬ ಹುಡುಗ ಫೋಲ್ಡರ್ ತೆರೆದು, ಚಳಿಯಲ್ಲಿ ಎದ್ದು ನಾವು ಹಿಡಿದಿಟ್ಟಿದ್ದ ಮುಚ್ಚಳದ ಚಿತ್ರಗಳನ್ನೆಲ್ಲ ಅಳಿಸಿಬಿಟ್ಟ. ಬರೆದದ್ದನ್ನೇ ಅವನು ಮಾಡಿದ್ದಾನೆ. ಫೋಟೋ ತೆಗೆಯುವುದಕ್ಕೂ ‘ತೆಗೆ’, ಕಸ ತೆಗೆಯುವುದಕ್ಕೂ ‘ತೆಗೆ’. ‘ಕತ್ತಲ ಚಿತ್ರ’ವೂ ಸರಿಯಿಲ್ಲ. ರಾತ್ರಿ ಹಿಡಿದದ್ದೆಲ್ಲ ಕತ್ತಲಿನದೇ ಅಲ್ವಾ? ಈಗ ‘ಮುಚ್ಚಳದ ಚಿತ್ರ’ ಅಂತ ಬದಲಾಯಿಸಿದ್ದೇನೆ. ಏನು ಮಾಡಬೇಕು ಅನ್ನುವುದು ಹೆಸರಿನಲ್ಲೇ ಗೊತ್ತಾಗುತ್ತದೆ.

ಕ್ರಿಯಾಪದ ಮಾತ್ರ ಇನ್ನೂ ಗಟ್ಟಿಯಾಗಿಲ್ಲ. ‘ಸೆರೆಹಿಡಿ’ ಪತ್ರಿಕೆಯ ಮಾತು, ಮಕ್ಕಳ ಬಾಯಲ್ಲಿ ಬರುವುದಿಲ್ಲ. ‘ಹೊಡೆ’ ಅಂತ ಎಲ್ಲರೂ ಅನ್ನುತ್ತಾರೆ, ಕೈಪಿಡಿಯಲ್ಲಿ ಅಚ್ಚಾದರೆ ಒರಟಾಗಿ ಕಾಣುತ್ತದೆ. ನನಗೆ ‘ಹಿಡಿ’ ಹಿಡಿಸಿದೆ.

ಎರಡನೆಯ ಕೆಲಸಕ್ಕೆ, ಅಂದರೆ ಆಕಾಶದ ಚಿತ್ರದಿಂದ ಮುಚ್ಚಳದ ಚಿತ್ರವನ್ನು ಬೇರೆ ಮಾಡುವುದಕ್ಕೆ, ಲೆಕ್ಕದ ‘ಕಳೆ’ ಇದೆ, ಮಕ್ಕಳಿಗೆ ಚಿಕ್ಕಂದಿನಿಂದ ಗೊತ್ತು. ತೆರೆಯ ಮೇಲೆ ಚುಕ್ಕಿಗಳು ಒಂದೊಂದೇ ಮಾಯವಾಗುವುದನ್ನು ನೋಡಿ ನಮ್ಮ ಆಯಿ, ಇದು ಗದ್ದೆಯಲ್ಲಿ ಕಳೆ ಕಿತ್ತ ಹಾಗೇ ಆಯಿತಲ್ಲ ಅಂದರು. ಆವತ್ತಿನಿಂದ ಹಾಟ್ ಪಿಕ್ಸೆಲ್‌ಗೆ ‘ಕಳೆಚುಕ್ಕಿ’ ಅನ್ನಬೇಕು ಅಂತ ಆಸೆ. ಭತ್ತದ ನಡುವೆ ಭತ್ತದಂತೆಯೇ ನಿಲ್ಲುವ ಹುಲ್ಲು, ನಕ್ಷತ್ರದ ನಡುವೆ ನಕ್ಷತ್ರದಂತೆಯೇ ನಿಲ್ಲುವ ಚುಕ್ಕಿ. ಆದರೆ ‘ಕಳೆಚುಕ್ಕಿ ಕಳೆಯಿರಿ’ ಅಂದಾಗ ಒಂದು ನಾಮಪದ, ಒಂದು ಕ್ರಿಯಾಪದ. ಓದುವವರು ಎಡವುತ್ತಾರಾ? ಮುಖದ ಕಳೆಯನ್ನೂ ನೆನೆದು ‘ಹೊಳೆಯುವ ಚುಕ್ಕಿ’ ಅಂದುಕೊಳ್ಳುತ್ತಾರಾ?

ರಾತ್ರಿಯ ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿದಾಗ ನಕ್ಷತ್ರಗಳು ಸಾಗಿದ ದಾರಿ ಗೆರೆಯಾಗಿ ಕಾಣುವ ಸ್ಟಾರ್ ಟ್ರೇಲ್‌ಗೆ ‘ನಕ್ಷತ್ರದ ಜಾಡು’ ಅಂತ ಇಟ್ಟಾಗಿದೆ, ಅದರಲ್ಲಿ ತಕರಾರಿಲ್ಲ. ಈ ಗೆರೆಗಳೆಲ್ಲ ಸುತ್ತುವರಿಯುವ ಧ್ರುವ ನಕ್ಷತ್ರ ನಮ್ಮಲ್ಲಿ ದಿಗಂತದಿಂದ ಸುಮಾರು 14.6 ಡಿಗ್ರಿ ಎತ್ತರದಲ್ಲಷ್ಟೇ ಇರುವುದರಿಂದ ಜಾಡಿನ ನಡುಭಾಗ ಅಡಿಕೆ ಮರಗಳ ಹಿಂದೆ ಹೋಗುತ್ತದೆ. ಮಕ್ಕಳಿಗೆ ಅದೇ ಜಾಸ್ತಿ ಇಷ್ಟ.

ಇನ್ನೊಂದು ಪ್ರಶ್ನೆ. ಗುಂಡಿಯ ಮೇಲೆ ಬರೀ ‘ಹಿಡಿ’ ಅಂತಿದ್ದರೆ ಸಾಕಾ, ‘ಚಿತ್ರ ಹಿಡಿ’ ಅಂತಲೇ ಬರೆಯಬೇಕಾ? ಕಾರವಾರ, ಕುಮಟಾ ಕಡೆಯವರು ‘ಹಿಡಿ’ ಅಂದ ಕೂಡಲೇ ಮೀನು ನೆನೆಯುತ್ತಾರೋ ಏನೋ, ಅಲ್ಲಿನವರು ಹೇಳಬೇಕು.