ಫೇರಿಂಗ್ ಸೀಳಿದೆ, ಸೈಡ್ ಪ್ಯಾನೆಲ್ ಲಗ್ ಮುರಿದಿದೆ: ಅಂಟು ಹಾಕೋದಾ, ವೆಲ್ಡ್ ಮಾಡೋದಾ?

ಮಳೆಗಾಡಿ:
ಅರ್ಧ ಫೇರಿಂಗ್ (ಮುಂದಿನ ಪ್ಲಾಸ್ಟಿಕ್ ಹೊದಿಕೆ) ಇರೋ 200 ಸಿಸಿ ಬೈಕು. ಹಸಿ ಮಣ್ಣಲ್ಲಿ ಸೈಡ್ ಸ್ಟ್ಯಾಂಡ್ ಇಳಿದು ಎಡಕ್ಕೆ ಬಿದ್ದಿದೆ. ಫೇರಿಂಗಿನಲ್ಲಿ ಇಂಡಿಕೇಟರ್ ತೂತಿನಿಂದ ಕೆಳಕ್ಕೆ ಸುಮಾರು 12 ಸೆಂ.ಮೀ. ಸೀಳು. ಸೀಟಿನ ಕೆಳಗಿನ ಸೈಡ್ ಪ್ಯಾನೆಲ್‌ನಲ್ಲಿ ರಬ್ಬರಿಗೆ ಒತ್ತಿ ಕೂರಿಸುವ ಲಗ್ ಬುಡದಲ್ಲೇ ಮುರಿದಿದೆ, ತುಂಡು ಇದೆ. ಮುಂದಿನ ಮಡ್‌ಗಾರ್ಡ್ ಅಂಚಿನಲ್ಲೂ 4 ಸೆಂ.ಮೀ. ಬಿರುಕು. ಸೀಳಿಗೆ ಸೂಪರ್ ಗ್ಲೂ ಹಾಕಿದ್ದು ನಿಲ್ಲಲಿಲ್ಲ. ಕೆಲವರು ಅಸಿಟೋನ್ ಅಂತಾರೆ, ಕೆಲವರು ಸಾಲ್ಡರಿಂಗ್ ಐರನ್ ಅಂತಾರೆ. ಬಾಳಿಕೆ ಬರೋದು ಯಾವುದು? ಪೇಂಟ್‌ಗೆ ಮುಂಚೆ ಏನೇನು ಮಾಡಬೇಕು?

ಸ್ಪ್ಯಾನರ್_ಹತ್ತು:
ಮೊದಲು ಪ್ಯಾನೆಲ್ ಬಿಚ್ಚಿ ಒಳಮೈ ನೋಡಿ. ಎರಡು ಬಾಣದ ತುದಿಗಳ ನಡುವೆ ಎಬಿಎಸ್ ಅಂತಲೋ ಪಿಪಿ ಅಂತಲೋ (ಎರಡೂ ಪ್ಲಾಸ್ಟಿಕ್ಕಿನ ಬಗೆ) ಇಂಗ್ಲಿಷ್ ಅಕ್ಷರದಲ್ಲಿ ಅಚ್ಚು ಇರುತ್ತೆ. ಬಣ್ಣ ಹೊಡೆದ ಫೇರಿಂಗ್, ಸೈಡ್ ಪ್ಯಾನೆಲ್ ಸಾಮಾನ್ಯವಾಗಿ ಎಬಿಎಸ್. ಬಣ್ಣವಿಲ್ಲದ ಕಪ್ಪು ಮಡ್‌ಗಾರ್ಡ್, ಒಳಗಿನ ಕವರ್‌ಗಳು ಹೆಚ್ಚಾಗಿ ಪಿಪಿ. ಅಚ್ಚು ಸಿಗದಿದ್ದರೆ ಒಳಮೈಯಲ್ಲಿ ಕಾಣದ ಮೂಲೆಗೆ ಒಂದು ಹನಿ ಅಸಿಟೋನ್ ಹಾಕಿ, ಅರ್ಧ ನಿಮಿಷ ಬಿಟ್ಟು ಬೆರಳಿನಿಂದ ಮುಟ್ಟಿ ನೋಡಿ. ಅಂಟಂಟಾದರೆ ಎಬಿಎಸ್. ಪಿಪಿಗೆ ಏನೂ ಆಗಲ್ಲ. ಉಗುರಿನಷ್ಟು ಚೂರು ನೀರಿಗೆ ಹಾಕಿದರೆ ಪಿಪಿ ತೇಲುತ್ತೆ, ಎಬಿಎಸ್ ಮುಳುಗುತ್ತೆ. ಇದನ್ನು ತಿಳಿಯದೆ ಕೆಲಸ ಶುರು ಮಾಡಬೇಡಿ, ಒಂದರ ಮದ್ದು ಇನ್ನೊಂದಕ್ಕೆ ಹಿಡಿಯಲ್ಲ.

ಸೂಪರ್ ಗ್ಲೂ ಯಾಕೆ ಬಿಡ್ತು ಅಂದರೆ, ಅದು ಗಾಜಿನ ಹಾಗೆ ಪೆಡಸು. ಎಂಜಿನ್ ನಡುಕಕ್ಕೆ ಫೇರಿಂಗ್ ಬಾಗುತ್ತೆ, ಅದು ಬಾಗಲ್ಲ. ಹಳೆ ಗ್ಲೂವನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ. ಅದು ಉಳಿದ ಜಾಗಕ್ಕೆ ಬಿಸಿ ಐರನ್ ಮುಟ್ಟಿಸಿದರೆ ಬರುವ ಹೊಗೆ ಕಣ್ಣು, ಗಂಟಲು ಎರಡನ್ನೂ ಉರಿಸುತ್ತೆ.

12 ಸೆಂ.ಮೀ. ಸೀಳು ಎಬಿಎಸ್ ಆಗಿದ್ದರೆ ಅಸಿಟೋನ್ ಪೇಸ್ಟ್ ಒಳ್ಳೆಯದು, ಯಾಕಂದ್ರೆ ಅದು ಅಂಟಲ್ಲ, ಅದೇ ಪ್ಲಾಸ್ಟಿಕ್ ಕರಗಿ ಮತ್ತೆ ಒಂದಾಗೋದು. 10 ಗ್ರಾಂ ಎಬಿಎಸ್ ಚೂರಿಗೆ 25–30 ಮಿ.ಲೀ. ಅಸಿಟೋನ್, ಗಾಜಿನ ಬಾಟಲಿ, ಲೋಹದ ಮುಚ್ಚಳ, ರಾತ್ರಿಯಿಡೀ. ಯೂಸ್ ಅಂಡ್ ಥ್ರೋ ಲೋಟದಲ್ಲಿ ಕಲಸಿದರೆ ಲೋಟವೇ ಕರಗಬಹುದು. ಚೂರಿಗೆ ಮುರಿದ ಹಳೆ ಎಬಿಎಸ್ ಪ್ಯಾನೆಲ್ ಸಾಕು, ಬಣ್ಣ ಮಾತ್ರ ಪೂರ್ತಿ ಉಜ್ಜಿ ತೆಗೆದಿರಬೇಕು. ಜೇನುತುಪ್ಪದ ಹದಕ್ಕೆ ಬರಬೇಕು. ನೀರಾಗಿದ್ದರೆ ಮುಚ್ಚಳ ತೆಗೆದಿಡಿ, ಗಟ್ಟಿಯಾದರೆ ಅಸಿಟೋನ್ ಸೇರಿಸಿ. ನೇಲ್ ಪಾಲಿಶ್ ರಿಮೂವರ್ ಬೇಡ. ಕೆಲವದರಲ್ಲಿ ಅಸಿಟೋನೇ ಇರಲ್ಲ, ಇರುವುದರಲ್ಲೂ ನೀರು, ಎಣ್ಣೆ ಬೆರೆತಿರುತ್ತೆ. ಫೈಬರ್ ಗ್ಲಾಸ್ ರೆಸಿನ್ ಮಾರುವ ಅಂಗಡಿಯಲ್ಲಿ ಶುದ್ಧ ಅಸಿಟೋನ್ ಕೇಳಿ.

ಸೀಳಿನ ತುದಿ ಎಲ್ಲಿ ಮುಗಿಯುತ್ತೆ ಅಂತ ಪ್ಯಾನೆಲ್ ಸ್ವಲ್ಪ ಬಗ್ಗಿಸಿ ನೋಡಿ, ಕಣ್ಣಿಗೆ ಕಂಡದ್ದಕ್ಕಿಂತ ಮುಂದೆ ಹೋಗಿರುತ್ತೆ. ಅಲ್ಲಿ 2 ಮಿ.ಮೀ. ತೂತು ಹೊಡೆಯಿರಿ, ಇಲ್ಲದಿದ್ದರೆ ರಿಪೇರಿ ಆದಮೇಲೂ ಸೀಳು ಓಡುತ್ತೆ. ಹೊರಗಿನಿಂದ ಎರಡೂ ಬದಿ ಜೋಡಿಸಿ ಮಾಸ್ಕಿಂಗ್ ಟೇಪ್ ಹಾಕಿ. ಬಣ್ಣದ ಮೇಲೆ ಅಸಿಟೋನ್ ಬಿದ್ದರೆ ಅದು ಸುಕ್ಕುಗಟ್ಟುತ್ತೆ. ಒಳಗಿನಿಂದ ಸೀಳಿನುದ್ದಕ್ಕೂ ‘ವಿ’ ಆಕಾರದ ತೋಡು ಕೊರೆಯಿರಿ, ಆಳ ಪ್ಯಾನೆಲ್ ದಪ್ಪದ ಮೂರನೇ ಎರಡು ಭಾಗ. ಎರಡೂ ಕಡೆ 2 ಸೆಂ.ಮೀ. ಅಗಲ 80 ನಂಬರ್ ಎಮರಿಯಲ್ಲಿ ಉಜ್ಜಿ, ಒರೆಸಿ. ಮೊದಲು ಬರೀ ಅಸಿಟೋನ್ ಸವರಿ, ಮೈ ಮೆತ್ತಗಾದ ತಕ್ಷಣ ಪೇಸ್ಟ್ ಹಾಕಿ. ಒಂದೇ ಸಲ ಗುಡ್ಡೆ ಹಾಕಬೇಡಿ. ಮೇಲೆ ಸಿಪ್ಪೆ ಕಟ್ಟಿ ಒಳಗೆ ಅಸಿಟೋನ್ ಸಿಕ್ಕಿಕೊಂಡು ಗುಳ್ಳೆ ಬರುತ್ತೆ. ಸುಮಾರು 1 ಮಿ.ಮೀ. ಪದರ, ಕೆಲವು ಗಂಟೆ ಬಿಟ್ಟು ಮತ್ತೊಂದು. ಎರಡನೇ ಪದರದ ಹಸಿಯಲ್ಲೇ ಸ್ಟೇನ್‌ಲೆಸ್ ಜಾಲರಿ ಒತ್ತಿ ಕೂರಿಸಿ. ಟೀ ಸೋಸುವ ಸ್ಟೀಲ್ ಜರಡಿಯ ಬಲೆಯೇ ಸಾಕು, ಕಬ್ಬಿಣದ್ದಾದರೆ ತುಕ್ಕು ಹಿಡಿಯುತ್ತೆ. ಕೊನೆಗೆ 48 ಗಂಟೆ ಮುಟ್ಟಬೇಡಿ.

ಅಸಿಟೋನ್ ಆವಿ ಬೇಗ ಹೊತ್ತಿಕೊಳ್ಳುತ್ತೆ. ಬಾಟಲಿ ತೆರೆದಿರುವ ಕೋಣೆಯಲ್ಲಿ ಐರನ್, ಒಲೆ, ಬೀಡಿ ಯಾವುದೂ ಇರಬಾರದು. ಕಿಟಕಿ ತೆಗೆದಿರಲಿ.

ಜೆಸಿರೋಡ್_ಪೇಂಟ್:
ಮೇಲಿನವರು ಹೇಳಿದ್ದು ಸರಿ, ಆದರೆ ಲಗ್‌ಗೆ ಪೇಸ್ಟ್ ಒಂದನ್ನೇ ನಂಬಬೇಡಿ ಸರ್. ಆ ಲಗ್ ಬುಡದ ಅಗಲ ಒಂದು ಸೆಂಟಿಮೀಟರ್ ಕೂಡ ಇರಲ್ಲ, ಪ್ಯಾನೆಲ್ ಕಿತ್ತಾಗಲೆಲ್ಲ ಪೂರ್ತಿ ಭಾರ ಅಲ್ಲೇ ಬೀಳೋದು. ಒಳಗೆ ಒಂದು ಮೂಳೆ ಬೇಕು. ಲಗ್‌ನ ಮುರಿದ ಮುಖಕ್ಕೂ ಪ್ಯಾನೆಲ್ ಕಡೆಯ ಬುಡಕ್ಕೂ ನೇರಾನೇರ 2 ಮಿ.ಮೀ. ತೂತು ಕೊರೆಯಿರಿ. ಲಗ್ ಕಡೆ 6–8 ಮಿ.ಮೀ. ಆಳ, ಪ್ಯಾನೆಲ್ ಕಡೆ ದಪ್ಪ ಎಷ್ಟಿದೆಯೋ ಅಷ್ಟೇ, ಹೊರಮೈಗೆ ತೂರಬಾರದು. ಸೈಕಲ್ ಚಕ್ರದ ಕಡ್ಡಿ 2 ಮಿ.ಮೀ. ಇರುತ್ತೆ, ಅದನ್ನು ಕತ್ತರಿಸಿ ಎಮರಿಯಲ್ಲಿ ಗೀರಿ ಒರಟು ಮಾಡಿ, ಎರಡು ಟ್ಯೂಬು ಬೆರೆಸುವ ಎಪಾಕ್ಸಿ ಅಂಟಿನಲ್ಲಿ ಕೂರಿಸಿ. ತೂತಿನೊಳಗೆ ಅಸಿಟೋನ್ ಪೇಸ್ಟ್ ಬೇಡ. ಗಾಳಿಯಾಡದ ಜಾಗ, ದಿನಗಟ್ಟಲೆ ಒಣಗದೆ ಮೆತ್ತಗೇ ಇರುತ್ತೆ. ಎಪಾಕ್ಸಿ ನಿಧಾನಕ್ಕೆ ಗಟ್ಟಿಯಾಗುವುದು ತಗೊಳ್ಳಿ, ಐದು ನಿಮಿಷದ್ದಕ್ಕಿಂತ ಬಲ ಜಾಸ್ತಿ. ಮರುದಿನ ಬುಡದ ಸುತ್ತ ಎಬಿಎಸ್ ಪೇಸ್ಟಿನಿಂದ ದುಂಡಗೆ ಮೂಲೆ ತುಂಬಿಸಿ. ಚೂಪು ಮೂಲೆ ಇದ್ದಲ್ಲೇ ಮತ್ತೆ ಬಿರುಕು ಹುಟ್ಟೋದು.

ಇದಕ್ಕಿಂತ ಮುಖ್ಯ, ಆ ಲಗ್ ಯಾಕೆ ಮುರಿಯಿತು? ಚಾಸಿ ಕಡೆಯ ರಬ್ಬರ್ ಗ್ರೊಮೆಟ್ (ಲಗ್ ಕೂರುವ ಬಳೆ) ಒತ್ತಿ ನೋಡಿ. ಕಲ್ಲಾಗಿದ್ದರೆ ಬದಲಾಯಿಸಲೇಬೇಕು, ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಕೂರಿಸಿದರೂ ಮುಂದಿನ ಸರ್ವಿಸ್‌ನಲ್ಲಿ ಮತ್ತೆ ಕೈಗೆ ಬರುತ್ತೆ. ಹೊಸ ಗ್ರೊಮೆಟ್‌ಗೆ ಸೋಪು ನೀರು ಅಥವಾ ಸಿಲಿಕೋನ್ ಗ್ರೀಸ್ ಹಚ್ಚಿ. ಪ್ಯಾನೆಲ್ ಬಿಚ್ಚುವಾಗ ಲಗ್‌ನ ಪಕ್ಕದಲ್ಲೇ ಹಿಡಿದು ನೇರ ಎಳೆಯಿರಿ, ದೂರದ ತುದಿ ಹಿಡಿದು ಮೀಟಬೇಡಿ.

ಫೇರಿಂಗ್ ಬೋಲ್ಟ್‌ಗಳನ್ನೂ ನೋಡಿ. ಬೋಲ್ಟ್ ತೂತಿನ ರಬ್ಬರ್ ಒಳಗೆ ಒಂದು ಲೋಹದ ಕಾಲರ್ (ಚಿಕ್ಕ ಕೊಳವೆ) ಇರಬೇಕು. ಬೋಲ್ಟಿನ ಬಿಗಿ ಆ ಕಾಲರ್ ಮೇಲೆ ಕೂರುತ್ತೆ, ಪ್ಲಾಸ್ಟಿಕ್ ರಬ್ಬರಿನಲ್ಲಿ ತೇಲಿಕೊಂಡಿರುತ್ತೆ. ಸರ್ವಿಸ್‌ನಲ್ಲಿ ಕಾಲರ್ ಕಳೆದುಹೋಗಿ ಬರೀ ವಾಷರ್ ಹಾಕಿ ಬಿಗಿದಿದ್ದರೆ ತೂತಿನ ಸುತ್ತ ನಕ್ಷತ್ರದ ಹಾಗೆ ಕೂದಲೆಳೆ ಬಿರುಕು ಕಾಣುತ್ತೆ. ಬೋಲ್ಟ್ ಸಡಿಲವಾಗುತ್ತೆ ಅಂತ ಥ್ರೆಡ್ ಲಾಕರ್ ಅಂಟು ಹಾಕುವವರಿದ್ದಾರೆ, ಅದು ಎಬಿಎಸ್‌ಗೆ ತಾಗಿದರೆ ಪ್ಲಾಸ್ಟಿಕ್ಕೇ ಬಿರುಕು ಬಿಡುತ್ತೆ. ಬ್ರೇಕ್ ಆಯಿಲ್, ಪೆಟ್ರೋಲ್ ಕೂಡ ಹಾಗೇ, ಚೆಲ್ಲಿದರೆ ಕೂಡಲೇ ತೊಳೆಯಿರಿ.

ಮಳೆಗಾಡಿ:
ತುಂಬಾ ಥ್ಯಾಂಕ್ಸ್ ಸರ್. ನೋಡಿದೆ, ಫೇರಿಂಗ್ ಮತ್ತು ಸೈಡ್ ಪ್ಯಾನೆಲ್ ಎರಡೂ ಎಬಿಎಸ್. ಫೇರಿಂಗಿನ ಒಂದು ಬೋಲ್ಟಿಗೆ ಕಾಲರ್ ಇಲ್ಲ. ಮಡ್‌ಗಾರ್ಡ್ ಚೂರು ನೀರಲ್ಲಿ ತೇಲಿತು. ಅದಕ್ಕೆ ಎಪಾಕ್ಸಿ ಆಗುತ್ತಾ?

ಬಿಸಿತುದಿ:
ಆಗಲ್ಲ. ಪಿಪಿ ಮೇಲೆ ಎಪಾಕ್ಸಿ ಉಗುರಿಗೆ ಸಿಪ್ಪೆ ಥರ ಎದ್ದು ಬರುತ್ತೆ. ಅದಕ್ಕೆ ಬಿಸಿಯೇ ಮದ್ದು. 25–40 ವ್ಯಾಟ್ ಸಾಲ್ಡರಿಂಗ್ ಐರನ್, ಚಪ್ಪಟೆ ತುದಿ. ಬಿರುಕಿನ ತುದಿಗೆ ತೂತು, ಒಳಗಿನಿಂದ ‘ವಿ’ ತೋಡು, ಅದೆಲ್ಲ ಮೇಲಿನಂತೆಯೇ. ತುಂಬಲು ಪಿಪಿ ಪಟ್ಟಿ ಬೇಕು: ತಳದಲ್ಲಿ ತ್ರಿಕೋನದೊಳಗೆ 5 ಅಂತ ಅಚ್ಚಿರುವ ಬಕೆಟ್ ಅಥವಾ ಡಬ್ಬಿಯಿಂದ 3 ಮಿ.ಮೀ. ಅಗಲಕ್ಕೆ ಕತ್ತರಿಸಿ. 2 ಅಂತ ಇದ್ದರೆ ಅದು ಎಚ್‌ಡಿಪಿಇ, ಬೆರೆತ ಹಾಗೆ ಕಂಡು ತಣಿದ ಮೇಲೆ ಬಿಡುತ್ತೆ.

ತಪ್ಪಾಗೋದು ಹೆಚ್ಚಾಗಿ ಇಲ್ಲೇ: ಪಟ್ಟಿ ಮಾತ್ರ ಕರಗಿಸಿ ಮೇಲೆ ಸುರಿಯೋದು. ಹಾಗೆ ಮಾಡಿದರೆ ಅದು ಬರೀ ಕೂತಿರುತ್ತೆ. ಐರನ್ ತುದಿ ತೋಡಿನ ಎರಡೂ ದಂಡೆ ಮತ್ತು ಪಟ್ಟಿ ಮೂರನ್ನೂ ಒಟ್ಟಿಗೆ ಕರಗಿಸಬೇಕು, 1 ಸೆಂ.ಮೀ. ಮುಗಿಸಿ ಮುಂದಕ್ಕೆ. ಹೊಗೆ ಎದ್ದು ಬಣ್ಣ ತಿರುಗಿದರೆ ಬಿಸಿ ಜಾಸ್ತಿ, ಸುಟ್ಟ ಪ್ಲಾಸ್ಟಿಕ್ ಹಿಡಿಯಲ್ಲ, ಕೆರೆದು ಮತ್ತೆ ಮಾಡಿ. ಅಂಚಿನ ಬಿರುಕಾದ್ದರಿಂದ ಅಡ್ಡಲಾಗಿ ಹಾಟ್ ಸ್ಟೇಪ್ಲರ್‌ನಿಂದ (ಲೋಹದ ಪಿನ್ ಕಾಯಿಸಿ ಪ್ಲಾಸ್ಟಿಕ್ಕಿಗೆ ಇಳಿಸುವ ಸಾಧನ) ಎರಡು ಪಿನ್ ಹಾಕಿ, ಒಂದು ಅಂಚಿನ ಹತ್ತಿರ, ಒಂದು ತೂತಿನ ಹತ್ತಿರ. ದಪ್ಪದ ಅರ್ಧಕ್ಕೆ ನಿಲ್ಲಿಸಿ. ಅದಕ್ಕಿಂತ ಒಳಗೆ ಹೋದರೆ ಹೊರಮೈಯಲ್ಲಿ ಉಬ್ಬು ಕಾಣುತ್ತೆ. ಬಟನ್ ಬಿಟ್ಟು ಪಿನ್ ತಣಿಯುವವರೆಗೆ ಅಲ್ಲಾಡಿಸಬೇಡಿ, ಹೊರಗೆ ಉಳಿದ ಪಿನ್ನಿನ ಬಾಲ ಕಟರ್‌ನಿಂದ ಕತ್ತರಿಸಿ.

ಜೆಸಿರೋಡ್_ಪೇಂಟ್:
ಮಡ್‌ಗಾರ್ಡ್ ಬಣ್ಣವಿಲ್ಲದ ಕಪ್ಪು ಆಗಿದ್ದರೆ ಉಜ್ಜಿ ಹಾಗೇ ಬಿಡಿ. ಪಿಪಿಗೆ ಬಣ್ಣ ಹೊಡೆಯಲೇಬೇಕಾದರೆ ಮೊದಲು ಅಡ್ಹೀಷನ್ ಪ್ರಮೋಟರ್, ಅದಿಲ್ಲದೆ ಬಣ್ಣ ಹಾಳೆ ಹಾಳೆಯಾಗಿ ಏಳುತ್ತೆ. ಫೇರಿಂಗಿಗೆ 220 ನಂಬರ್ ಎಮರಿಯಲ್ಲಿ ಉಜ್ಜಿ, ಬಾಗುವಂಥ ಪ್ಲಾಸ್ಟಿಕ್ ಪುಟ್ಟಿ ತೆಳ್ಳಗೆ, 400ರಲ್ಲಿ ಸಮ ಮಾಡಿ ಪ್ಲಾಸ್ಟಿಕ್ ಪ್ರೈಮರ್, 800ರಲ್ಲಿ ನೀರು ಹಾಕಿ ಉಜ್ಜಿ, ಆಮೇಲೆ ಬಣ್ಣ. 48 ಗಂಟೆ ಕಾಯದೆ ಪುಟ್ಟಿ ಎಳೆದರೆ ಅಸಿಟೋನ್ ಆಮೇಲೆ ಹೊರಟು ಪೇಸ್ಟ್ ಕುಗ್ಗುತ್ತೆ, ಬಿಸಿಲಲ್ಲಿ ಗಾಡಿ ನಿಲ್ಲಿಸಿದಾಗ ಸೀಳಿನ ಗೆರೆ ಮೇಲೆದ್ದು ಕಾಣುತ್ತೆ. ಹಾರ್ಡನರ್ ಬೆರೆಸುವ 2ಕೆ ಲ್ಯಾಕರ್ ಆದರೆ ಬಟ್ಟೆ ಮಾಸ್ಕ್ ಸಾಲದು. ಅದರಲ್ಲಿ ಶ್ವಾಸಕೋಶಕ್ಕೆ ಕೆಡುಕಾದ ಐಸೋಸಯನೇಟ್ ಇರುತ್ತೆ, ಮನೆಯಲ್ಲಿ ಹೊಡೆಯೋದಕ್ಕಿಂತ ಪೇಂಟ್ ಬೂತ್ ಇರುವವರಿಗೆ ಕೊಡಿ. ಆ ಒಂದು ಕಾಲರ್ ಮಾತ್ರ ಪ್ಯಾನೆಲ್ ಕೂರಿಸುವ ಮೊದಲೇ ತಂದುಕೊಳ್ಳಿ. ಉಳಿದ ಬೋಲ್ಟಿನ ಕಾಲರ್ ತೋರಿಸಿ ಅದೇ ಉದ್ದ, ಅದೇ ಒಳಅಳತೆಯದ್ದನ್ನು ಕೇಳಿ.