ಫ್ರೀ ಡಿಶ್ ಮನೆಗೆ ಎಚ್‌ಡಿ ರೆಡಿ ಸಾಕಾ, 4ಕೆ ಬೇಕಾ?

ಪ್ರಶ್ನೆ (ಹೊಸನಗರ):
ಹಳೇ ಡಬ್ಬಾ ಟಿವಿ ಬದಲಿಸಬೇಕು. ಈಗ ಡಿಡಿ ಫ್ರೀ ಡಿಶ್ ಇದೆ, ಮುಂದೆ ಎಚ್‌ಡಿ ಬಾಕ್ಸ್ ಹಾಕಿಸೋ ಯೋಚನೆ. ಕೂತು ನೋಡೋ ದೂರ 9 ಅಡಿ. 32 ಇಂಚಿನ ಎಚ್‌ಡಿ ರೆಡಿನಾ, 43ರ 4ಕೆನಾ?

ಉತ್ತರ (ಸಾಗರ):
ಮೊದಲು ಸಿಗ್ನಲ್ ನೋಡಿ ಸರ್. ಫ್ರೀ ಡಿಶ್‌ನ ಹೆಚ್ಚಿನ ಚಾನೆಲ್‌ಗಳು ಎಸ್‌ಡಿ, ಅಂದ್ರೆ ಸಾಧಾರಣ ಗುಣಮಟ್ಟದ 720×576 ಚುಕ್ಕಿಗಳ ಚಿತ್ರ. ಎಚ್‌ಡಿ ರೆಡಿ ಪ್ಯಾನೆಲ್ 1366×768, ಅದಕ್ಕೆ ಧಾರಾಳ. ಅದೇ ಎಸ್‌ಡಿಯನ್ನು 4ಕೆ (3840×2160) ಪರದೆಗೆ ಹಿಗ್ಗಿಸಿದರೆ ಮುಖಗಳೆಲ್ಲ ಮೇಣ ಬಳಿದ ಹಾಗೆ ಕಾಣ್ತವೆ, ಅಗ್ಗದ ಸೆಟ್‌ಗಳಲ್ಲಂತೂ ಇನ್ನೂ ಕಷ್ಟ. ಎಚ್‌ಡಿ ಚಾನೆಲ್ 1920×1080. ಅದಕ್ಕೆ 43ರ ಫುಲ್ ಎಚ್‌ಡಿ ಸರಿ. 4ಕೆ ವ್ಯತ್ಯಾಸ ಗೊತ್ತಾಗಬೇಕಾದರೆ 5-6 ಅಡಿಗಿಂತ ಹತ್ತಿರ ಕೂರಬೇಕು.

ಉತ್ತರ (ತೀರ್ಥಹಳ್ಳಿ):
ಎಚ್‌ಡಿ ಬಾಕ್ಸ್ ತಂದು ಕೆಂಪು-ಬಿಳಿ-ಹಳದಿ ವೈರ್ ಚುಚ್ಚಿದರೆ ಎಸ್‌ಡಿಯೇ ಬರೋದು. ಎಚ್‌ಡಿಎಂಐ ಹಾಕಿ, ಬಾಕ್ಸ್ ಸೆಟ್ಟಿಂಗ್‌ನಲ್ಲಿ 1080ಐ ಆರಿಸಿ. ಜೋರು ಮಳೆಗೆ ಚಿತ್ರ ಚೌಕ ಚೌಕವಾಗಿ ಒಡೆಯೋದು ಟಿವಿ ದೋಷ ಅಲ್ಲ, ಉಪಗ್ರಹದಿಂದ ಡಿಶ್‌ಗೆ ಬರೋ ಕೆಯು ಬ್ಯಾಂಡ್ ಸಿಗ್ನಲನ್ನು ಮಳೆ ನುಂಗುತ್ತೆ. ಮಳೆಗಾಲಕ್ಕೆ ಮೊದಲೇ ಡಿಶ್ ಬಿಗಿ ಮಾಡಿಸಿ, ಅದರ ಮುಂದೆ ಸಿಗ್ನಲ್ ಹಿಡಿಯೋ ಎಲ್‌ಎನ್‌ಬಿ ಕನೆಕ್ಟರ್‌ಗೆ ನೀರಿಳಿಯದ ಹಾಗೆ ಟೇಪ್ ಸುತ್ತಿಸಿ.

ಉತ್ತರ (ಶಿವಮೊಗ್ಗ):
ಇಂಟರ್ನೆಟ್ ವಿಡಿಯೊ ನೋಡೋಕೆ ಫೈಬರ್ ಇದ್ದು 25 ಎಂಬಿಪಿಎಸ್ ವೇಗ ನಿಂತು ಸಿಕ್ಕರೆ ಮಾತ್ರ 4ಕೆಗೆ ದುಡ್ಡು ಹಾಕಿ. ಇನ್ನೊಂದು, ಮೋಡ ಕವಿದ ಕೂಡಲೇ, ಗುಡುಗೋಕೆ ಮೊದಲೇ, ಪ್ಲಗ್ ಜೊತೆ ಡಿಶ್ ಕೇಬಲ್ಲೂ ಕಳಚಿ. ಸಿಡಿಲು ಅದರಲ್ಲೂ ಇಳಿದು ಎಚ್‌ಡಿಎಂಐ ಪೋರ್ಟ್ ಸುಡುತ್ತೆ.