ಒಪ್ಪೊತ್ತಿನ ದಿನ ತಾಯಿಯ ಸಕ್ಕರೆ ಎರಡು ಸಲ ಕುಸಿದದ್ದೇಕೆ?

ಪ್ರಶ್ನೆ: ಈರುಳ್ಳಿ ಹೊಲ, ಭರಮಸಾಗರ

ನನ್ನ ತಾಯಿಗೆ 68 ವರ್ಷ. ಸಕ್ಕರೆ ಕಾಯಿಲೆ ಬಂದು 14 ವರ್ಷವಾಯಿತು. ಇನ್ಸುಲಿನ್ ತೆಗೆದುಕೊಳ್ಳುವುದಿಲ್ಲ, ಬೆಳಿಗ್ಗೆ ಗ್ಲಿಮಿಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಒಂದು ಮಾತ್ರೆ, ಜೊತೆಗೆ ವೋಗ್ಲಿಬೋಸ್. ಶ್ರಾವಣದ ಸೋಮವಾರಗಳಂದು ಅವರು ಮೊದಲಿನಿಂದಲೂ ಒಪ್ಪೊತ್ತು ಇರುತ್ತಾರೆ. ಕಳೆದ ಸೋಮವಾರ ಎರಡೂ ಮಾತ್ರೆಗಳನ್ನು ಸಕ್ಕರೆಯಿಲ್ಲದ ಚಹಾದೊಂದಿಗೆ ನುಂಗಿ, ಏನೂ ತಿನ್ನದೆ, ಆಳುಗಳ ಜೊತೆ ಕಳೆ ತೆಗೆಯಲು ಹೊಲಕ್ಕೆ ಹೋದರು.

ಹನ್ನೊಂದೂವರೆಗೆ ನಾನು ಹೋದಾಗ ಬದುವಿನ ಮೇಲೆ ಕುಳಿತಿದ್ದರು. ಮೋಡ ಮುಸುಕಿ ತಂಪಾಗಿದ್ದರೂ ಕುಪ್ಪಸ ಬೆವರಿನಿಂದ ತೊಯ್ದಿತ್ತು, ಕೈಯಲ್ಲಿದ್ದ ಕಳೆಗುದ್ದಲಿ ನಡುಗುತ್ತಿತ್ತು. ನನ್ನನ್ನು ನೋಡಿ, ತೀರಿಹೋದ ಸೋದರಮಾವನ ಹೆಸರು ಹಿಡಿದು ಕರೆದರು. ಆ ಕ್ಷಣ ನನ್ನ ಎದೆ ಒಡೆದಂತಾಯಿತು. ಮನೆಗೆ ಕರೆತಂದು ಗ್ಲುಕೋಮೀಟರಿನಲ್ಲಿ ನೋಡಿದರೆ 48. ಮೊಮ್ಮಗನ ಚಾಕೊಲೇಟ್ ತಿನ್ನಿಸಿ, ಆಮೇಲೆ ಸಕ್ಕರೆ ನೀರು ಕುಡಿಸಿದೆವು. 82ಕ್ಕೆ ಬರಲು ಮುಕ್ಕಾಲು ಗಂಟೆಯೇ ಹಿಡಿಯಿತು. ಎಲ್ಲ ಸರಿಹೋಯಿತೆಂದುಕೊಂಡೆವು. ಸಂಜೆ ಪೂಜೆ ಮುಗಿಸಿ ಸ್ವಲ್ಪ ಉಂಡಿದ್ದರೂ ರಾತ್ರಿ ಒಂಬತ್ತೂವರೆಗೆ ಮತ್ತೆ ಬೆವರು, ಮತ್ತೆ 58. ಅಕ್ಕಪಕ್ಕದವರು ನಿಶ್ಶಕ್ತಿ ಎನ್ನುತ್ತಾರೆ. ಸಕ್ಕರೆ ಕೊಟ್ಟ ಮೇಲೂ ಎರಡನೆಯ ಸಲ ಇಳಿದದ್ದೇಕೆ? ಮಾತ್ರೆಯನ್ನು ನಿಲ್ಲಿಸಿಬಿಡಬಹುದೇ?

ಉತ್ತರ 1: ನಿವೃತ್ತ ಶುಶ್ರೂಷಕಿ, ದಾವಣಗೆರೆ

ಇದು ನಿಶ್ಶಕ್ತಿಯಲ್ಲ, ಔಷಧಿಗೂ ಊಟಕ್ಕೂ ತಾಳ ತಪ್ಪಿದ್ದರಿಂದ ಆದದ್ದು. ರಕ್ತದ ಸಕ್ಕರೆ ಒಂದು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದನ್ನು ಕುಸಿತವೆಂದೇ ಎಣಿಸಬೇಕು. 54ಕ್ಕಿಂತ ಕೆಳಗಾದರೆ ಮಿದುಳಿಗೆ ಬೇಕಾದ ಸಕ್ಕರೆ ಸಾಲದೆ ಮಾತು ತೊದಲುವುದು, ಮನುಷ್ಯರ ಗುರುತು ತಪ್ಪುವುದು ಶುರುವಾಗುತ್ತದೆ. ನಿಮ್ಮ ತಾಯಿ ನಿಮ್ಮನ್ನು ಬೇರೆ ಹೆಸರಿನಿಂದ ಕರೆದದ್ದು ಅದೇ ಲಕ್ಷಣ.

ಗ್ಲಿಮಿಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಹೊಟ್ಟೆಯಲ್ಲಿ ಅನ್ನವಿದೆಯೋ ಇಲ್ಲವೋ ಎಂದು ಅದು ನೋಡುವುದಿಲ್ಲ. ಒಮ್ಮೆ ನುಂಗಿದ ಮಾತ್ರೆಯ ಪ್ರಭಾವ ಇಡೀ ದಿನ ಇರುತ್ತದೆ. ನೀವು ಕೊಟ್ಟ ಸಕ್ಕರೆಯಾದರೋ ಒಂದೆರಡು ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಎರಡನೆಯ ಕುಸಿತ ಬಂದದ್ದು ಹೀಗೆ. ಇಂಥ ಮಾತ್ರೆಯಿಂದ ಸಕ್ಕರೆ ಬಹಳ ಇಳಿದವರನ್ನು ಎಚ್ಚರವಾದ ಮೇಲೂ ಆಸ್ಪತ್ರೆಯಲ್ಲಿ ಒಂದು ದಿನವೋ ಅದಕ್ಕಿಂತ ಹೆಚ್ಚೋ ಇರಿಸಿಕೊಂಡು ನೋಡುವುದು ಈ ಕಾರಣಕ್ಕೇ.

ಇನ್ನು, ಏರಲು ಮುಕ್ಕಾಲು ಗಂಟೆ ಹಿಡಿದದ್ದಕ್ಕೆ ಎರಡು ಕಾರಣಗಳಿವೆ. ಚಾಕೊಲೇಟಿನಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಇನ್ನೊಂದು ಕಾರಣ ವೋಗ್ಲಿಬೋಸ್. ಇದನ್ನು ಎಷ್ಟೋ ಮನೆಗಳಲ್ಲಿ ಯಾರೂ ಹೇಳಿರುವುದಿಲ್ಲ, ಅದು ನನಗೆ ಇಂದಿಗೂ ನೋವಿನ ಸಂಗತಿ. ನಾವು ಅಡುಗೆಗೆ ಬಳಸುವ ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗಬೇಕು, ಆ ಒಡೆಯುವಿಕೆಯನ್ನೇ ಈ ಮಾತ್ರೆ ತಡೆಯುತ್ತದೆ. ಆದ್ದರಿಂದ ನಿಮ್ಮ ತಾಯಿಗೆ ಸಕ್ಕರೆಯನ್ನಾಗಲಿ ಬೆಲ್ಲವನ್ನಾಗಲಿ ನೆಚ್ಚಬೇಡಿ. ಔಷಧಿ ಅಂಗಡಿಯಲ್ಲಿ ಸಿಗುವ ಸಾದಾ ಗ್ಲೂಕೋಸ್ ಪುಡಿಯೇ ಬೇಕು. ಅದು ಕೈಗೆ ಸಿಗದಿದ್ದರೆ ಒಂದು ದೊಡ್ಡ ಚಮಚ ಜೇನುತುಪ್ಪ ಕೊಡಿ, ಅದರಲ್ಲಿ ಗ್ಲೂಕೋಸ್ ಸಿದ್ಧವಾಗಿಯೇ ಇರುತ್ತದೆ. ಎರಡೂ ಇಲ್ಲದಾಗ ಮಾತ್ರ ಇದ್ದ ಸಿಹಿಯನ್ನೇ ಕೊಡಬೇಕು, ಸುಮ್ಮನೆ ಕಾಯಬಾರದು.

ಅಳತೆ ಹೀಗೆ: 15 ಗ್ರಾಂ ಗ್ಲೂಕೋಸ್, ಅಂದರೆ ಸುಮಾರು ಮೂರು ಟೀ ಚಮಚ, ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿಸಿ 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. 70 ದಾಟದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಿ. ದಾಟಿದ ಮೇಲೆ ರೊಟ್ಟಿಯೋ ಅನ್ನವೋ ತಿನ್ನಿಸಲೇಬೇಕು, ಆ ರಾತ್ರಿ ಎಬ್ಬಿಸಿ ಒಂದೆರಡು ಸಲ ನೋಡಲೇಬೇಕು. ಬೆರಳು ಚುಚ್ಚುವ ಮೊದಲು ಕೈ ತೊಳೆಸಿ. ಬೆಲ್ಲ ಮುಟ್ಟಿದ ಬೆರಳಿನ ರಕ್ತ ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಹನಿ ನೀರನ್ನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.

ಮಾತ್ರೆಯನ್ನು ನೀವಾಗಿಯೇ ಶಾಶ್ವತವಾಗಿ ಬಿಡಬೇಡಿ. ಆದರೆ ಎರಡು ಸಲ ಕುಸಿದಿರುವುದರಿಂದ ನಾಳೆಯ ಮಾತ್ರೆ ನುಂಗುವ ಮೊದಲೇ ವೈದ್ಯರೊಂದಿಗೆ ಮಾತನಾಡಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಕೇಳಿ. ಮೂತ್ರಪಿಂಡ ಸೊರಗಿದ್ದರೆ ಈ ಔಷಧಿಗಳು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ.

ಉತ್ತರ 2: ದುರ್ಗದ ಕೋಟೆ ಬಾಗಿಲು

ನಾನು ವೈದ್ಯನಲ್ಲ, 22 ವರ್ಷಗಳಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವನು. ಮೇಲಿನ ಉತ್ತರದಲ್ಲಿ ಬಾರದ ಎರಡು ಮಾತುಗಳನ್ನು ಇನ್ಸುಲಿನ್ ಬಳಸುವ ಓದುಗರಿಗಾಗಿ ಸೇರಿಸುತ್ತೇನೆ.

ನಮ್ಮಲ್ಲಿ ಇನ್ಸುಲಿನ್ ಬಾಟಲಿಗಳು ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತವೆ, ಕೆಲವು 100 ಯೂನಿಟ್. 40ರ ಸಿರಿಂಜಿನ ಮುಚ್ಚಳ ಕೆಂಪು, 100ರದ್ದು ಕಿತ್ತಳೆ ಬಣ್ಣ. ಕೆಲವು ವರ್ಷಗಳ ಹಿಂದೆ ಔಷಧಿ ಅಂಗಡಿಯೊಂದರಲ್ಲಿ ನನಗೆ 100ರ ಬಾಟಲಿ ಕೊಟ್ಟರು, ಮನೆಯಲ್ಲಿದ್ದದ್ದು ಕೆಂಪು ಮುಚ್ಚಳದ ಸಿರಿಂಜು. ಎಂದಿನಂತೆ 16ರ ಗೆರೆಗೆ ಎಳೆದೆ. ಒಳಗೆ ಹೋದದ್ದು 40 ಯೂನಿಟ್. ಅಂದು ಹೆಂಡತಿ ಮನೆಯಲ್ಲಿದ್ದು ಆಸ್ಪತ್ರೆಗೆ ಸಾಗಿಸಿದ್ದರಿಂದ ಇಂದು ಇದನ್ನು ಬರೆಯುತ್ತಿದ್ದೇನೆ. ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಅಕ್ಕಪಕ್ಕ ಹಿಡಿದು ನೋಡದೆ ನಾನೀಗ ಸೂಜಿ ಮುಟ್ಟುವುದಿಲ್ಲ.

ಎರಡನೆಯದು, ಪದೇ ಪದೇ ಸಕ್ಕರೆ ಇಳಿಯುತ್ತಿದ್ದರೆ ದೇಹ ಮುನ್ಸೂಚನೆ ಕೊಡುವುದನ್ನೇ ಬಿಡುತ್ತದೆ. ಮೊದಲು 65ಕ್ಕೇ ನಡುಗುತ್ತಿದ್ದ ನನ್ನ ಕೈ ಆಮೇಲೆ 45ಕ್ಕೂ ಸುಮ್ಮನಿರುತ್ತಿತ್ತು. ಕೆಲವು ವಾರ ಒಮ್ಮೆಯೂ ಇಳಿಯದಂತೆ ನೋಡಿಕೊಂಡ ಮೇಲೆ ಆ ಎಚ್ಚರಿಕೆ ಬಹುಮಟ್ಟಿಗೆ ಮರಳಿತು. ರಕ್ತದೊತ್ತಡಕ್ಕೆಂದು ಕೊಡುವ ಕೆಲವು ಮಾತ್ರೆಗಳೂ ಎದೆಬಡಿತವನ್ನು, ನಡುಕವನ್ನು ಮರೆಮಾಡುತ್ತವೆ, ಬೆವರನ್ನು ಮಾತ್ರ ಮರೆಮಾಡಲಾರವು. ನಿಮ್ಮ ತಾಯಿ ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಕಾಲದ ಬೆವರನ್ನೇ ಎಚ್ಚರಿಕೆಯ ಗಂಟೆಯೆಂದು ತಿಳಿಯಿರಿ. ದಾವಣಗೆರೆಗೆ ಗಾಡಿ ಓಡಿಸಿಕೊಂಡು ಹೋಗುವಾಗ ಹೊರಡುವ ಮುನ್ನ ನಾನು ಪರೀಕ್ಷಿಸಿಯೇ ಕೀಲಿ ತಿರುಗಿಸುತ್ತೇನೆ.

ಪ್ರಶ್ನೆ ಕೇಳಿದವರಿಂದ: ಈರುಳ್ಳಿ ಹೊಲ, ಭರಮಸಾಗರ

ಇಬ್ಬರಿಗೂ ಮನಸಾರೆ ಕೃತಜ್ಞತೆಗಳು. ಮರುದಿನ ಮಾತ್ರೆ ಕೊಡದೆ ದಾವಣಗೆರೆಯಲ್ಲಿ ವೈದ್ಯರಿಗೆ ತೋರಿಸಿದೆವು. ಕ್ರಿಯಾಟಿನಿನ್ 1.7 ಬಂದಿದೆ, ಇರಬೇಕಾದದ್ದಕ್ಕಿಂತ ಹೆಚ್ಚು. ಗ್ಲಿಮಿಪಿರೈಡ್ ನಿಲ್ಲಿಸಿದ್ದಾರೆ, ಮೆಟ್‌ಫಾರ್ಮಿನ್ ತಗ್ಗಿಸಿ, ಸಕ್ಕರೆಯನ್ನು ತಾನಾಗಿ ಕುಸಿಯಗೊಡದ ಬೇರೊಂದು ಮಾತ್ರೆ ಬರೆದಿದ್ದಾರೆ. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ ಅವರಿಗೆ 6.3 ಇತ್ತು, ನಾವು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಈ ವಯಸ್ಸಿನಲ್ಲಿ, ಇಂಥ ಮಾತ್ರೆಯ ಮೇಲೆ, ಅಷ್ಟು ಬಿಗಿ ಬೇಕಿಲ್ಲ, 8ರ ಒಳಗಿದ್ದರೆ ಸಾಕೆಂದು ವೈದ್ಯರು ಹೇಳಿದರು.

ಒಪ್ಪೊತ್ತನ್ನು ಬಿಡಲು ತಾಯಿ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಬೆಳಿಗ್ಗೆ ಹಾಲು ಹಣ್ಣು ತೆಗೆದುಕೊಳ್ಳುವುದು, ಆ ದಿನ ಹೊಲಕ್ಕೆ ಹೋಗದಿರುವುದು, ಮಧ್ಯಾಹ್ನ ಒಮ್ಮೆ ಬೆರಳು ಚುಚ್ಚಿ ನೋಡುವುದು, 70ಕ್ಕಿಂತ ಕಡಿಮೆಯಿದ್ದರೆ ಅಲ್ಲಿಗೇ ವ್ರತ ಮುಗಿಸುವುದು ಎಂದು ವೈದ್ಯರ ಮುಂದೆಯೇ ಒಪ್ಪಂದವಾಗಿದೆ. ಗ್ಲೂಕೋಸ್ ಪುಡಿಯನ್ನು ಮೂರು ಮೂರು ಚಮಚದಂತೆ ಕಟ್ಟಿದ ಸಣ್ಣ ಪೊಟ್ಟಣಗಳನ್ನು ಈಗ ಅವರು ಎಲೆ ಅಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ. ಆ ಸಂಚಿಯನ್ನು ಬಿಟ್ಟು ಅವರು ಎಲ್ಲಿಗೂ ಹೋದವರಲ್ಲ.